ಉಬಿರ್ ಬಂಡೆಗಳಲ್ಲಿ ಒಂದು ದಿನ



ಹಳೆಯದೆಲ್ಲವೂ ಹಿರಿದೆಂದು ತಿಳಿಯುವ ಚಪಲ ನಮ್ಮಂತಹ ಕಾಲೇಜು ಉಪಾಧ್ಯಾಯರಿಗೆ ಸ್ವಲ್ಪ ಹೆಚ್ಚು. ಒಂದು ಶಾಸನವನ್ನೋ ಒಂದು ಮುರುಕು ವಿಗ್ರಹವನ್ನೋ ಯಾರಾದರೂ ತೋರಿಸಿದರೆ, ಅದರ ಅಂದಚೆಂದ ಕಣ್ಣಿಗೆ ಬೀಳುವ ಮೊದಲೇ ನಾಲಗೆಯ ತುದಿಗೆ ಬರುವ ಪ್ರಶ್ನೆ, ಇದು ಯಾವ ಕಾಲದ್ದು ಎಂಬುದು. ಈ ಪ್ರಶ್ನೆಯನ್ನು ಬಗಲಿಗೆ ಹಾಕಿಕೊಂಡೇ ನಾನು 2024ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಆಸ್ಟ್ರೇಲಿಯದ ಉತ್ತರ ಭಾಗದ ಕಾಕಡು ಎಂಬ ಸೀಮೆಯಲ್ಲಿ ಒಂದು ದಿನ ಅಲೆದೆನು. ಅಲ್ಲಿನ ಮೂಲನಿವಾಸಿಗಳು ಬಂಡೆಗಳ ಮೇಲೆ ಬರೆದಿರುವ ಚಿತ್ರಗಳನ್ನೂ, ಆ ಬಂಡೆಗಳ ನೆತ್ತಿಯಿಂದ ಕಾಣುವ ಜೌಗು ಬಯಲನ್ನೂ ಕುರಿತು ಈ ಹೊತ್ತು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ನನ್ನ ಅಕ್ಕನ ಮಗನು ಡಾರ್ವಿನ್ ನಗರದಲ್ಲಿ ವೈದ್ಯನಾಗಿದ್ದಾನೆ. ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ, "ಮಾವ, ಪೇಟೆಯಲ್ಲಿ ನೋಡುವುದೇನಿದೆ, ಕಾಕಡುವಿಗೆ ಹೋಗಿಬರೋಣ" ಎಂದು ಅವನೇ ಕಾರನ್ನು ಹೊರಡಿಸಿದನು. ಜೊತೆಗೆ ಅವನ ಹೆಂಡತಿ, ಆರು ವರ್ಷದ ಮಗಳು. ಆ ಮಗುವಿಗೆ ನಾನು ವಾವೆಯಲ್ಲಿ ತಾತನಾಗಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ 'ತಾತ' ಎಂದು ಕರೆಯಿಸಿಕೊಳ್ಳುವುದು ಅಷ್ಟೇನೂ ಹಿತವಲ್ಲ. ಆದರೂ ಅಷ್ಟು ದೂರದ ದೇಶದಲ್ಲಿ ಆ ಒಂದು ಮಾತಾದರೂ ಕನ್ನಡದಲ್ಲಿ ಬಂದಿತಲ್ಲಾ ಎಂದು ಸುಮ್ಮನಾದೆನು.

ಡಾರ್ವಿನ್ನಿನಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರು ಹೋದರೆ ಜಬಿರು ಎಂಬ ಸಣ್ಣ ಊರು. ರಾತ್ರಿ ಅಲ್ಲಿ ತಂಗಿ ಬೆಳಗ್ಗೆ ಹೊರಡುವುದೆಂದು ಗೊತ್ತುಮಾಡಿಕೊಂಡೆವು. ಕಾಕಡುವಿನ ವಿಸ್ತಾರ ಇಪ್ಪತ್ತು ಸಾವಿರ ಚದರ ಕಿಲೋಮೀಟರಿಗೆ ಹತ್ತಿರ, ಎಂದರೆ ನಮ್ಮ ತುಮಕೂರು ಜಿಲ್ಲೆಯ ಎರಡರಷ್ಟಕ್ಕೆ ತುಸು ಕಡಮೆ. 1979ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. 1981ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನವೆಂದೊಡನೆ ಹೂವಿನ ಪಾತಿ, ಕಾರಂಜಿಗಳನ್ನು ನೆನೆಯಬಾರದು. ಇದು ಮರಳುಗಲ್ಲಿನ ಬೆಟ್ಟಗಳ, ಕುರುಚಲು ಕಾಡಿನ, ಆಳೆತ್ತರಕ್ಕೆ ಮೀರಿದ ಹುತ್ತಗಳ, ನೀರು ನಿಂತ ಬಯಲುಗಳ ನಾಡು. ಇಲ್ಲಿನ ಒಡೆಯರು ಉತ್ತರದಲ್ಲಿ ಬಿನಿಂಜ್ ಎಂದೂ ದಕ್ಷಿಣದಲ್ಲಿ ಮುಂಗುಯ್ ಎಂದೂ ತಮ್ಮನ್ನು ಕರೆದುಕೊಳ್ಳುವ ಮೂಲನಿವಾಸಿಗಳು. ಸರಕಾರವು ನೆಲವನ್ನು ಅವರಿಂದ ಗುತ್ತಿಗೆಗೆ ಪಡೆದು, ಅವರೊಡನೆ ಕೂಡಿ ಉದ್ಯಾನವನ್ನು ನಡೆಸುತ್ತಿದೆ.

ಪಟ್ಟಣದವರು ಇಲ್ಲಿ ಮಳೆಗಾಲ, ಒಣಗಾಲ ಎಂದು ಎರಡೇ ಕಾಲಗಳನ್ನು ಎಣಿಸುತ್ತಾರೆ. ಬಿನಿಂಜರದಾದರೋ ನಮ್ಮಂತೆಯೇ ಆರು ಋತುಗಳ ಲೆಕ್ಕ. ನಾವು ಹೋದುದು ವುರ್ಗೆಂಗ್ ಎಂಬ ಚಳಿಯ ಋತುವಿನಲ್ಲಿ. ಚಳಿಯೆಂದರೆ ಮೈಸೂರಿನ ಬೆಳಗಿನ ಚಳಿಗಿಂತ ಹೆಚ್ಚಿನದಲ್ಲ. ಹಗಲು ಹತ್ತು ಗಂಟೆಗೆ ಅದೂ ಓಡಿಹೋಗುತ್ತದೆ.

ಮೊದಲು ಜಬಿರುವಿನ ದಕ್ಷಿಣಕ್ಕಿರುವ ಬುರುಂಗ್‌ಕುಯ್ ಎಂಬ ಬೆಟ್ಟಕ್ಕೆ ಹೋದೆವು. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ನೂರ್ಲಾಂಜಿ. ಅದರ ಬುಡದಲ್ಲಿ ಅನ್‌ಬಂಗ್‌ಬಂಗ್ ಎಂಬ ಕಲ್ಲಿನ ಚಾವಡಿ. ಮುಂದಕ್ಕೆ ಚಾಚಿದ ಬಂಡೆಯ ಕೆಳಗೆ ಬಿಸಿಲಿಗೂ ಮಳೆಗೂ ಸಿಕ್ಕದ ಗೋಡೆಯ ಮೇಲೆ ನಮರ್‌ಕೋನ್ ಎಂಬ ಮಿಂಚಿನ ಪುರುಷನು ನಿಂತಿದ್ದಾನೆ. ತಲೆಯಿಂದ ಕಾಲಿನವರೆಗೆ ಬಿಲ್ಲಿನಂತೆ ಬಾಗಿ ಅವನನ್ನು ಸುತ್ತಿರುವ ಗೆರೆಯೇ ಮಿಂಚು. ಮೊಣಕೈ ಮೊಣಕಾಲುಗಳಲ್ಲಿರುವ ಕಲ್ಲಿನ ಕೊಡಲಿಗಳಿಂದ ಅವನು ಮೋಡವನ್ನು ಸೀಳಿ ಗುಡುಗನ್ನೆಬ್ಬಿಸುತ್ತಾನಂತೆ. ನಮ್ಮ ಇಂದ್ರನ ವಜ್ರಾಯುಧ ನೆನಪಿಗೆ ಬಾರದಿರದು. ಆ ಹೋಲಿಕೆಯನ್ನು ಬೆಳೆಸುವುದು ಮಾತ್ರ ಬೇಡ. ಮಳೆಗಾಲದ ಆರಂಭದಲ್ಲಿ ಕಿತ್ತಳೆ ನೀಲಿ ಬಣ್ಣಗಳ ಒಂದು ಬಗೆಯ ಮಿಡತೆ ಈ ಬೆಟ್ಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ನಮರ್‌ಕೋನನ ಮಕ್ಕಳು, ತಂದೆಯನ್ನು ಹುಡುಕಿಕೊಂಡು ಬರುತ್ತವೆ ಎಂದು ಇವರ ನಂಬಿಕೆ. 1845ರಲ್ಲಿ ಈ ದಾರಿಯಾಗಿ ಹೋದ ಲೈಕ್‌ಹಾರ್ಟ್ ಎಂಬ ಜರ್ಮನ್ ಪ್ರವಾಸಿಯು ಅದನ್ನು ಕಂಡು ಬರೆದುದರಿಂದ ಪ್ರಾಣಿಶಾಸ್ತ್ರದವರ ಬಾಯಲ್ಲಿ ಅದು ಲೈಕ್‌ಹಾರ್ಟನ ಮಿಡತೆಯಾಗಿಬಿಟ್ಟಿದೆ.

ನಮರ್‌ಕೋನನ ಕೆಳಗೆ ಗಂಡಸರೂ ಹೆಂಗಸರೂ ಸಾಲಾಗಿ ನಿಂತ ಚಿತ್ರ. ಕೆಲವು ಹೆಂಗಸರ ಎದೆಯಲ್ಲಿ ಹಾಲು ತುಂಬಿದುದನ್ನು ಸಣ್ಣ ಗೆರೆಗಳಿಂದ ಸೂಚಿಸಿದ್ದಾರೆ. ಬಣ್ಣ ಇನ್ನೂ ಹೊಳೆಯುತ್ತಿತ್ತು. ಇದು ಎಷ್ಟು ಸಾವಿರ ವರ್ಷದ್ದಿರಬಹುದೆಂದು ಮನಸ್ಸಿನಲ್ಲಿ ಗುಣಿಸುತ್ತ ನಿಂತಿದ್ದೆನು. ಅಳಿಯನು ಕೈಯಲ್ಲಿದ್ದ ಪುಸ್ತಿಕೆಯನ್ನು ನೋಡಿ, "ಮಾವ, ಇದನ್ನು ಬರೆದದ್ದು 1963-64ರಲ್ಲಿ" ಎಂದನು.

ನನಗಾದ ನಿರಾಶೆಯನ್ನು ಮರೆಮಾಡಿ ಹೇಳುವುದು ಸರಿಯಲ್ಲ. ಮೋಸಹೋದೆನೆಂದೇ ಅನ್ನಿಸಿತು. ಬರೆದವನು ನಯೋಂಬೊಲ್ಮಿ ಎಂಬಾತ. ಮೀನು ಹಿಡಿಯುವುದರಲ್ಲಿ ನಿಸ್ಸೀಮನಾದುದರಿಂದ ಬಾರಮುಂಡಿ ಚಾರ್ಲಿ ಎಂದೂ ಅವನಿಗೆ ಹೆಸರಿತ್ತು. ಹಳೆಯ ಚಿತ್ರಗಳಿದ್ದ ಗೋಡೆಯ ಮೇಲೆಯೇ ಅವನು ಹೊಸ ಚಿತ್ರಗಳನ್ನು ಬರೆದನು. ನಮ್ಮ ಪುರಾತತ್ತ್ವದವರ ಕೈಗೆ ಸಿಕ್ಕಿದ್ದರೆ ದಂಡ ತೆರಬೇಕಾಗುತ್ತಿತ್ತೋ ಏನೋ! ಆದರೆ ಈ ಜನರಿಗೆ ಚಿತ್ರಕ್ಕಿಂತ ಚಿತ್ರವನ್ನು ಬರೆಯುವ ಕೆಲಸವೇ ಮುಖ್ಯ. ಬಣ್ಣ ಮಾಸಿದರೆ ಅಧಿಕಾರವುಳ್ಳವನು ಮತ್ತೆ ಬರೆಯುತ್ತಾನೆ. ಹಳೆಯದರ ಮೇಲೆ ಹೊಸದನ್ನು ಬರೆದರೆ ದೋಷವಿಲ್ಲ. ಇನ್ನೊಂದು ಸಂಗತಿಯೂ ಉಂಟು. ಬಿಳಿಯರು ತಂದ ರೋಗಗಳಿಂದಲೂ, ಕೂಲಿಗಾಗಿ ಊರೂರು ಚದರಿದುದರಿಂದಲೂ, ನಯೋಂಬೊಲ್ಮಿಯ ಮುಪ್ಪಿನ ವೇಳೆಗೆ ಈ ಬೆಟ್ಟದ ಆಶ್ರಯದಲ್ಲಿ ಬಾಳುವವರು ಇಲ್ಲವೆಂಬಷ್ಟು ಕಡಮೆಯಾಗಿದ್ದರು. ಜನ ಬರಿದಾದ ಚಾವಡಿಯ ಗೋಡೆಯಲ್ಲಿ ಅವನು ಸಂಸಾರಗಳನ್ನು ಬರೆದನು, ಹಾಲೂಡುವ ತಾಯಂದಿರನ್ನು ಬರೆದನು. 1967ರಲ್ಲಿ ತೀರಿಕೊಂಡನು. ಇದನ್ನು ತಿಳಿದ ಮೇಲೆ ಮತ್ತೊಮ್ಮೆ ಹೋಗಿ ಆ ಗೋಡೆಯ ಮುಂದೆ ನಿಂತೆನು. ಈ ಸಲ ಕಾಲವನ್ನು ಗುಣಿಸಲಿಲ್ಲ.

ಹತ್ತಿರದಲ್ಲಿಯೇ ಗುನ್‌ವರ್ದೆವರ್ದೆ ಎಂಬ ನೋಟದ ದಿಣ್ಣೆ. ಹೆಸರನ್ನು ಹೇಳುವುದಕ್ಕಿಂತ ದಿಣ್ಣೆಯನ್ನು ಹತ್ತುವುದು ಸುಲಭ. ಅಲ್ಲಿಂದ ಪೂರ್ವಕ್ಕೆ ಆರ್ನೆಮ್ ಲ್ಯಾಂಡಿನ ಕಲ್ಲಿನ ಪ್ರಸ್ಥಭೂಮಿಯ ಅಂಚು ಕೋಟೆಯ ಗೋಡೆಯಂತೆ ಕಾಣುತ್ತದೆ. ಇಳಿದು ಬಂದು ಅನ್‌ಬಂಗ್‌ಬಂಗ್ ಕೊಳದ ಬಳಿ ಬುತ್ತಿಯನ್ನು ಬಿಚ್ಚಿದೆವು. ಪುಳಿಯೋಗರೆ ಡಾರ್ವಿನ್ನಿನದಾದರೂ ಗೊಜ್ಜು ಮೈಸೂರಿನದು. ನೀರಿನ ಹತ್ತಿರ ಹೋಗಕೂಡದು, ಮೊಸಳೆಗಳಿವೆ ಎಂದು ಹಲಗೆ ಹಾಕಿದ್ದರು. ಈ ಸೀಮೆಯ ಕೊಳಗಳಲ್ಲಿ ಬೆಳೆಯುವ ಕೆಂಪು ತಾವರೆ ನಮ್ಮ ತಾವರೆಯೇ; ಶಾಸ್ತ್ರಜ್ಞರು ಎರಡಕ್ಕೂ ಒಂದೇ ಹೆಸರನ್ನಿಟ್ಟಿದ್ದಾರೆ. ಬಿನಿಂಜರು ಅದರ ಬೀಜವನ್ನು ತಿನ್ನುತ್ತಾರೆ. ಕರಿಕತ್ತಿನ ದೊಡ್ಡ ಕೊಕ್ಕರೆಯೊಂದು ನೀರಿನಲ್ಲಿ ಹೆಜ್ಜೆಯಿಡುತ್ತಿತ್ತು. ಜಬಿರು ಊರಿಗೆ ಹೆಸರು ಬಂದುದು ಈ ಹಕ್ಕಿಯಿಂದ. ಇದೂ ಭಾರತದಲ್ಲಿ ಉಂಟು. ಅಷ್ಟು ದೂರ ಹೋಗಿ ತಾವರೆಯನ್ನೂ ಕೊಕ್ಕರೆಯನ್ನೂ ನೋಡಿಬಂದಿರಾ ಎಂದು ತಾವು ನಗಬಹುದು.

ಮಧ್ಯಾಹ್ನ ಮೂರು ಗಂಟೆಗೆ ಉಬಿರ್ ಸೇರಿದೆವು. ಇದು ಜಬಿರುವಿನ ಉತ್ತರಕ್ಕೆ 40 ಕಿಲೋಮೀಟರು, ಪೂರ್ವ ಆಲಿಗೇಟರ್ ನದಿಯ ಸಮೀಪ. 1820ರ ಸುಮಾರಿನಲ್ಲಿ ಬಂದ ಫಿಲಿಪ್ ಪಾರ್ಕರ್ ಕಿಂಗ್ ಎಂಬ ನೌಕಾಧಿಕಾರಿಯು ಇಲ್ಲಿನ ಮೊಸಳೆಗಳನ್ನು ಅಮೆರಿಕದ ಆಲಿಗೇಟರುಗಳೆಂದು ಭ್ರಮಿಸಿ ನದಿಗಳಿಗೆ ಆ ಹೆಸರಿಟ್ಟನು. ತಪ್ಪು ಗೊತ್ತಾದ ಮೇಲೂ ನಕ್ಷೆಯನ್ನು ತಿದ್ದಲಿಲ್ಲ.

ಉಬಿರ್ ಬಂಡೆಗಳ ಸುತ್ತ ಒಂದು ಕಿಲೋಮೀಟರಿನ ಕಾಲುದಾರಿ. ಅದರ ಮುಖ್ಯ ಚಾವಡಿಯಲ್ಲಿ ಗೋಡೆಯ ತುಂಬ ಮೀನುಗಳು. ಆಮೆ, ಉಡ, ಕಾಂಗರೂವಿನ ಜಾತಿಯ ವಾಲಬಿ ಇವೂ ಉಂಟು. ಆದರೆ ಕಣ್ಣನ್ನು ಸೆಳೆಯುವುದು ಮೀನುಗಳೇ. ಒಂದರ ಮೇಲೊಂದು, ಹಳೆಯದರ ಬಾಲ ಹೊಸದರ ಹೊಟ್ಟೆಯೊಳಗೆ, ಹೀಗೆ ಗೋಡೆಯೇ ಒಂದು ಬಲೆಯಾಗಿದೆ. ಕೆಂಪಿಗೆ ಕಾವಿಕಲ್ಲು, ಹಳದಿಗೆ ಹಳದಿ ಮಣ್ಣು, ಬಿಳುಪಿಗೆ ಸೇಡಿ, ಕಪ್ಪಿಗೆ ಇದ್ದಲು. ವಿಶೇಷವೇನೆಂದರೆ, ಮೀನಿನ ಹೊರಮೈಯನ್ನು ಮಾತ್ರ ಬರೆದು ಇವರಿಗೆ ತೃಪ್ತಿಯಿಲ್ಲ. ಬೆನ್ನೆಲುಬು, ಪಿತ್ತಕೋಶ, ಕರುಳು, ಕೊಬ್ಬು, ಎಲ್ಲವನ್ನೂ ಒಳಹೊಕ್ಕು ನೋಡಿದವರಂತೆ ಬರೆಯುತ್ತಾರೆ. ಪಂಡಿತರು ಇದನ್ನು ಕ್ಷಕಿರಣದ ಶೈಲಿ ಎಂದಿದ್ದಾರೆ. ಹೆಸರು ಆಸ್ಪತ್ರೆಯ ವಾಸನೆ ಹೊಡೆಯುತ್ತದೆ. ನನಗೆ ಅದು ಅಡುಗೆಮನೆಯ ಕಣ್ಣೆಂದು ತೋರಿತು. ಮೀನನ್ನು ಎಷ್ಟೋ ಸಾರಿ ಸೀಳಿ, ಯಾವ ಪಾಲು ಯಾರಿಗೆಂದು ಹಂಚಿದ ಕೈಯಲ್ಲದೆ ಬೇರೆ ಕೈ ಹೀಗೆ ಬರೆಯಲಾರದು.

ಅಲ್ಲಿ ಒಬ್ಬ ಬಿನಿಂಜ್ ಹೆಂಗಸು ಉದ್ಯಾನದ ಸಮವಸ್ತ್ರವನ್ನು ಧರಿಸಿ, ಕೂಡಿದವರಿಗೆ ವಿವರಿಸುತ್ತಿದ್ದಳು. ನನ್ನ ನಾಲಗೆ ಸುಮ್ಮನಿರಲಿಲ್ಲ. "ತಾಯಿ, ಈ ಮೀನು ಎಷ್ಟು ಹಳೆಯದು?" ಎಂದು ಕೇಳಿದೆನು. ಆಕೆ ಮುಗುಳ್ನಕ್ಕು, "ಪುಸ್ತಕ ಬರೆಯುವವರು ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಈ ಮೀನು ಯಾವಾಗ ಕೊಬ್ಬಿರುತ್ತದೆ ಎಂಬುದನ್ನು ನಮ್ಮ ಅಜ್ಜಿ ಹೇಳಿಕೊಟ್ಟಿದ್ದಾಳೆ. ಅದನ್ನು ಬೇಕಾದರೆ ಹೇಳುತ್ತೇನೆ" ಎಂದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆನು.

ಆಮೇಲೆ ಆಕೆ ಮಬುಯು ಎಂಬಾತನ ಚಿತ್ರವನ್ನು ತೋರಿಸಿ ಕಥೆಯನ್ನು ಹೇಳಿದಳು. ಮಬುಯು ಮೀನು ಹಿಡಿದು ದಾರಕ್ಕೆ ಪೋಣಿಸಿ ಎಳೆದುಕೊಂಡು ಬರುತ್ತಿದ್ದನು. ದುರಾಶೆಯವರು ದಾರವನ್ನು ಕತ್ತರಿಸಿ ಮೀನನ್ನು ಕದ್ದರು. ಅವನು ಆಗ ಏನೂ ಅನ್ನಲಿಲ್ಲ. ರಾತ್ರಿ ಅವರು ಮೀನನ್ನು ತಿಂದು ನದಿಯ ಬಳಿಯ ಗುಹೆಯಲ್ಲಿ ಮಲಗುವವರೆಗೆ ಕಾದಿದ್ದು, ಒಂದು ದೊಡ್ಡ ಬಂಡೆಯಿಂದ ಗುಹೆಯ ಬಾಯನ್ನು ಮುಚ್ಚಿದನು. ಬೆಳಗಾಯಿತು, ಅವರು ಹೊರಗೆ ಬರಲಿಲ್ಲ. ಕಥೆ ಅಲ್ಲಿಗೆ ನಿಂತಿತು. ಯಾರೋ ಒಬ್ಬರು ಮುಂದೇನು ಎಂದು ಕೇಳಿದಾಗ, ಇಷ್ಟು ಚಿಕ್ಕ ಮಕ್ಕಳಿಗೂ ಹೊರಗಿನವರಿಗೂ ಹೇಳುವ ಕಥೆ, ಉಳಿದುದು ಹೇಳತಕ್ಕವರಿಗೆ ಹೇಳತಕ್ಕ ಕಾಲದಲ್ಲಿ ಎಂದಳು. ಮಾತಿನಲ್ಲಿ ಗರ್ವವಿರಲಿಲ್ಲ. ವಿದ್ಯೆಯನ್ನು ಅಚ್ಚು ಹಾಕಿ ಹಂಚುವುದೇ ಧರ್ಮವೆಂದು ನಂಬಿ ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಅದು ಮೊದಲು ಹಿಡಿಸಲಿಲ್ಲ. ನಮ್ಮಲ್ಲಿಯೂ ಅಧಿಕಾರಿಯನ್ನು ನೋಡಿ ಉಪದೇಶಿಸುವ ಪದ್ಧತಿ ಇತ್ತಲ್ಲವೇ, ಅದರಿಂದ ಎಷ್ಟು ಅನ್ಯಾಯವಾಯಿತು, ಎಂದು ಒಳಗೇ ವಾದಿಸಿದೆನು. ಆದರೆ ಇಲ್ಲಿ ಮುಚ್ಚಿಡುತ್ತಿರುವವರು ಬಲಶಾಲಿಗಳಲ್ಲ. ನೆಲ ಹೋಗಿ, ಜನ ಹೋಗಿ, ಕೊನೆಗೆ ಕೈಯಲ್ಲಿ ಉಳಿದುದನ್ನು ಹಿಡಿದುಕೊಂಡಿರುವವರು. ಆ ವ್ಯತ್ಯಾಸ ಹೊಳೆಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದೇ ಚಾವಡಿಯಲ್ಲಿ ಬಿಳಿಯ ಮನುಷ್ಯನೊಬ್ಬನ ಚಿತ್ರವಿದೆ. ಅಂಗಿ, ಷರಾಯಿ, ಬೂಟು. ಎರಡು ಕೈಗಳೂ ಜೇಬಿನಲ್ಲಿ. 1880ರ ಮೇಲೆ ಕಾಡುಕೋಣಗಳನ್ನು ಬೇಟೆಯಾಡಲು ಬಂದವರಲ್ಲಿ ಒಬ್ಬನಿರಬೇಕೆಂದು ಊಹೆ. ಇವರ ಭಾಷೆಗಳಲ್ಲಿ ಬಿಳಿಯನಿಗೆ 'ಬಲಂಡ' ಎಂದು ಹೆಸರು. 'ಹಾಲೆಂಡರ್' ಎಂಬ ಮಾತು ಸಮುದ್ರಸೌತೆಯ ವ್ಯಾಪಾರಕ್ಕೆ ಬರುತ್ತಿದ್ದ ಮಕಾಸ್ಸರದ ನಾವಿಕರ ಬಾಯಲ್ಲಿ ಸವೆದು ಇಲ್ಲಿಗೆ ಬಂದುದು. 'ಫ್ರಾಂಕ್' ಎಂಬುದು ನಮ್ಮಲ್ಲಿ 'ಪರಂಗಿ'ಯಾಗಿ ಕೊನೆಗೆ ಒಂದು ಹಣ್ಣಿಗೆ ಅಂಟಿಕೊಂಡಿತಷ್ಟೆ. ದುಡಿಯುವ ಜನರ ನಡುವೆ ಕೈಗಳನ್ನು ಜೇಬಿನಲ್ಲಿಟ್ಟು ನಿಂತವನೊಬ್ಬ, ಎಂದು ಚಿತ್ರಕಾರನಿಗೆ ಅವನು ಕಂಡನು. ಆಳುವವರ ವಿಷಯವಾಗಿ ಇದಕ್ಕಿಂತ ಚಿಕ್ಕ ಇತಿಹಾಸವನ್ನು ನಾನು ಓದಿಲ್ಲ.

ಸ್ವಲ್ಪ ಮುಂದೆ ಕೀಲುಗಳು ಬಾತ ಒಂದು ಆಕೃತಿ ಇದೆ. ನದಿಯ ಕೆಳಗಡೆ ಇರುವ ಒಂದು ಪವಿತ್ರ ಸ್ಥಳದ ಕಲ್ಲುಗಳನ್ನು ಕದಲಿಸಿದವರಿಗೆ ಹೀಗಾಗುತ್ತದಂತೆ. ಈ ಸೀಮೆಯ ನೆಲದಲ್ಲಿ ಯುರೇನಿಯಂ ಇರುವುದನ್ನು ತಿಳಿದವರು ತಟ್ಟನೆ ಒಂದು ಸಿದ್ಧಾಂತವನ್ನು ಕಟ್ಟುತ್ತಾರೆ. ನನಗೆ ಅಂತಹ ಜಾಣತನದಲ್ಲಿ ನಂಬಿಕೆ ಕಡಮೆ. ಸಂಗತಿಯೇ ಸಾಕಷ್ಟು ಗಂಭೀರವಾಗಿದೆ: ಉದ್ಯಾನವು ಸುತ್ತುವರಿದ ರೇಂಜರ್ ಗಣಿಯಲ್ಲಿ 2021ರ ಆರಂಭದವರೆಗೂ ಕೆಲಸ ನಡೆಯಿತು. ಜಬಿಲುಕ ಎಂಬಲ್ಲಿ ಇನ್ನೊಂದು ಗಣಿಯನ್ನು ತೆರೆಯಕೂಡದೆಂದು ಅಲ್ಲಿನ ಮಿರಾರ್ ಒಡೆಯರು 1998ರಲ್ಲಿ ಮುಂದೆ ನಿಂತು ಹೋರಾಡಿದರು. ಅದರ ಗುತ್ತಿಗೆಯನ್ನು ಮುಂದುವರಿಸುವುದಿಲ್ಲವೆಂದು ಸರಕಾರವು ಪ್ರಕಟಿಸಿದುದು 2024ರ ಜುಲೈಯಲ್ಲಿ, ನಾನು ಹೋದ ತಿಂಗಳಿನಲ್ಲಿಯೇ. ಆ ಮಿರಾರ್ ಸೀಮೆಯ ಮಜೆದ್‌ಬೆಬೆ ಎಂಬ ಕಲ್ಲಿನ ಆಸರೆಯಲ್ಲಿ ಅಗೆದವರಿಗೆ ಕಾವಿಯ ತುಂಡುಗಳೂ ಉಜ್ಜಿ ಹರಿತಮಾಡಿದ ಕೊಡಲಿಗಳೂ ಸಿಕ್ಕಿವೆ. ಅವು 65,000 ವರ್ಷದವೆಂದು 2017ರಲ್ಲಿ ಪ್ರಕಟವಾಯಿತು. ಅಷ್ಟು ಹಳೆಯದಲ್ಲವೆಂದು ವಾದಿಸುವ ಪಂಡಿತರೂ ಉಂಟು.

ಇಲ್ಲಿ ನನ್ನ ಹಳೆಯ ಪ್ರಶ್ನೆಗೆ ಬೇರೊಂದು ರೀತಿಯಲ್ಲಿ ಉತ್ತರ ದೊರೆಯಿತು. ದಾರಿಯ ಪಕ್ಕದಲ್ಲಿ ತಲೆಯೆತ್ತಿ ನೋಡಿದರೆ ಬಂಡೆಯ ಮೇಲ್ಗಡೆ ಕೆಂಪು ಬಣ್ಣದ ಒಂದು ಮೃಗ, ಬೆನ್ನಿನ ಮೇಲೆ ಪಟ್ಟೆಗಳು. ಇದು ಥೈಲಸೀನ್, ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುತ್ತಿದ್ದ, ನಾಯಿಯನ್ನು ಹೋಲುವ ಪ್ರಾಣಿ. ಟ್ಯಾಸ್ಮೇನಿಯ ದ್ವೀಪದಲ್ಲಿ ಮಾತ್ರ ಉಳಿದುಕೊಂಡಿದ್ದು, ಅಲ್ಲಿಯ ಹೋಬರ್ಟ್ ಮೃಗಾಲಯದಲ್ಲಿ 1936ರಲ್ಲಿ ಕೊನೆಯದು ಸತ್ತಿತು. ಈ ದೊಡ್ಡ ನೆಲದಿಂದ ಅದು ಅಳಿದುಹೋಗಿ ಸುಮಾರು ಮೂರು ಸಾವಿರ ವರ್ಷಗಳಾಗಿವೆ. ಕಂಡವನಲ್ಲದೆ ಇದನ್ನು ಬರೆಯಲಾರನು. ಹಾಗಾದರೆ ಅವನು ಇಲ್ಲಿ ನಿಂತು ಕೆಳಗೆ ನೋಡಿದಾಗ ಏನು ಕಂಡಿತು?

ಈ ವಿಚಾರದಲ್ಲಿ ಬಹಳ ದುಡಿದವನು ಜಾರ್ಜ್ ಚಲೂಪ್ಕ. ಚೆಕೊಸ್ಲೊವಾಕಿಯದಿಂದ ಬಂದು ಡಾರ್ವಿನ್ನಿನಲ್ಲಿ ನೆಲಸಿ, ಈ ಬೆಟ್ಟಗಳಲ್ಲಿ ದಶಕಗಳ ಕಾಲ ತಿರುಗಿ, 1993ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಚಿತ್ರಗಳ ಕಾಲವನ್ನು ಅವನು ನೀರಿನಿಂದ ಅಳೆದನು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಸಮುದ್ರವು ಈಗಿನದಕ್ಕಿಂತ ಸುಮಾರು 120 ಮೀಟರು ಕೆಳಗಿತ್ತು. ಕರಾವಳಿ ಬಲು ದೂರದಲ್ಲಿತ್ತು. ಆಗಿನ ಚಿತ್ರಗಳಲ್ಲಿ ಒಣನಾಡಿನ ಮೃಗಗಳು, ಕಾಂಗರೂ ಬೇಟೆ. ಹಿಮ ಕರಗಿ ಸಮುದ್ರವು ಏರಿತು. ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಉಪ್ಪುನೀರು ಈ ಕಣಿವೆಗಳೊಳಕ್ಕೆ ನುಗ್ಗಿ ಕಾಂಡ್ಲಾ ಕಾಡನ್ನು ಬೆಳೆಸಿತು. ಚಿತ್ರಗಳಲ್ಲಿ ಮೊಸಳೆಯೂ ಬಾರಮುಂಡಿ ಮೀನೂ ಕಾಣಿಸಿಕೊಂಡುವು. ನದಿಗಳು ಹೂಳನ್ನು ತಂದು ತಂದು ಉಪ್ಪನ್ನು ಹೊರಗೆ ತಳ್ಳಿ ಸಿಹಿನೀರಿನ ಬಯಲುಗಳಾದುದು ಈಚಿನ ಮೂರು ನಾಲ್ಕು ಸಾವಿರ ವರ್ಷಗಳಲ್ಲಿ. ಆಗ ಗೋಡೆಗಳಿಗೆ ಕಪ್ಪುಬಿಳುಪಿನ ಹೆಬ್ಬಾತುಗಳು ಬಂದುವು, ಅವುಗಳ ರೆಕ್ಕೆಯಿಂದ ಮಾಡಿದ ಬೀಸಣಿಗೆಯನ್ನು ಹಿಡಿದ ಮನುಷ್ಯರು ಬಂದರು. ಪಟ್ಟೆಯ ಮೃಗವನ್ನು ಬರೆದಾತನು ಇಂದಿನ ಹಸುರು ಬಯಲನ್ನು ಈ ರೂಪದಲ್ಲಿ ಕಂಡಿದ್ದನೆಂಬುದು ಸಂದೇಹ.

ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ನಡಬ್ ಎಂಬ ನೋಟದ ಬಂಡೆಯನ್ನು ಹತ್ತಿದೆವು. ದೂರ 250 ಮೀಟರು ಮಾತ್ರ, ಆದರೆ ಕಡಿದು. ನನ್ನ ಚರ್ಮದ ಜೋಡು ಜಾರುತ್ತಿದ್ದುದನ್ನು ಕಂಡು ಮಗು ನನ್ನ ಬೆರಳನ್ನು ಹಿಡಿದುಕೊಂಡು, "ತಾತ, ನಿಧಾನ" ಎಂದಿತು. ಮೇಲೆ ಹೋಗಿ ನಿಂತಾಗ ಮಾತು ನಿಂತಿತು. ಒಂದು ಕಡೆ ಕಲ್ಲಿನ ಗುಡ್ಡಗಳು, ಇನ್ನೊಂದು ಕಡೆ ನಡಬ್ ಬಯಲು. ಕಣ್ಣು ಹರಿಯುವವರೆಗೆ ಎಳೆ ಹಸುರು, ನಡುನಡುವೆ ನೀರಿನ ತಗಡು, ಅಂಚಿನಲ್ಲಿ ಕೇದಗೆಯ ಜಾತಿಯ ಮೆಳೆಗಳು. ನಮ್ಮ ಮಂಡ್ಯದ ಗದ್ದೆಗಳು ಬದುಗಳನ್ನೆಲ್ಲ ಕಳಚಿ ಒಂದಾದರೆ ಹೀಗಿರಬಹುದು. ಸೃಷ್ಟಿಯ ಮೊದಲ ದಿನದಿಂದ ಹೀಗೆಯೇ ಇತ್ತೇನೋ ಎನ್ನಿಸುವ ನೋಟ. ಆದರೆ ನಾವು ನಿಂತ ಬಂಡೆಯ ಹೊಟ್ಟೆಯಲ್ಲಿ ಈ ಬಯಲಿಗಿಂತ ಹಳೆಯ ಚಿತ್ರಗಳಿವೆ. ಬಯಲು ಹುಟ್ಟುವುದನ್ನು ಈ ಜನ ನೋಡಿದ್ದಾರೆ.

ಅದು ಮತ್ತೆ ಹೋಗುವುದನ್ನೂ ನೋಡಬೇಕಾದೀತು. ಈ ಬಯಲುಗಳು ಸಮುದ್ರದ ಭರತಕ್ಕಿಂತ ಅಲ್ಪಸ್ವಲ್ಪವೇ ಎತ್ತರದಲ್ಲಿವೆ. ಬ್ರಿಟಿಷರು 1820ರಿಂದೀಚೆಗೆ ದ್ವೀಪಗಳಿಂದ ತಂದು ಬಿಟ್ಟ ಕೋಣಗಳು ಸಾವಿರಗಟ್ಟಲೆಯಾಗಿ ಬೆಳೆದು, ಕೆಸರಿನಲ್ಲಿ ಓಡಾಡಿ ಕಾಲುವೆಗಳನ್ನು ಕೊರೆದು, ಉಪ್ಪುನೀರಿಗೆ ದಾರಿ ಮಾಡಿಕೊಟ್ಟುವು. 1980ರ ದಶಕದಿಂದ ಅವುಗಳನ್ನು ಬಹುಮಟ್ಟಿಗೆ ತೆಗೆದ ಮೇಲೆ ಬಯಲು ಚೇತರಿಸಿಕೊಂಡಿತು. ಈಗ ಲೋಕದ ಸಮುದ್ರಗಳೇ ಏರುತ್ತಿವೆ. ಅದನ್ನು ತಡೆಯುವುದು ಕೋಣಗಳನ್ನು ಅಟ್ಟಿದಷ್ಟು ಸುಲಭವಲ್ಲ.

ಕಾಕಡು ಎಂಬ ಹೆಸರಿನ ಮಾತು ಇನ್ನೂ ಉಳಿದಿದೆ. ಅದು ಗಾಗುಜು ಎಂಬ ಭಾಷೆಯ ಹೆಸರಿನಿಂದ ಬಂದುದು. ಆ ಭಾಷೆಯನ್ನು ಚೆನ್ನಾಗಿ ಬಲ್ಲ ಕೊನೆಯವರೆಂದರೆ ಬುನಿಜ್ ಕುಲದ ಹಿರಿಯ ಬಿಗ್ ಬಿಲ್ ನೈಜಿ. ಈ ನೆಲವನ್ನು ಉದ್ಯಾನಕ್ಕೆ ಗುತ್ತಿಗೆ ಕೊಡುವುದರಲ್ಲಿ ಮುಂದಾದವರೂ ಅವರೇ. ತಮ್ಮವರಲ್ಲಿ ಹೇಳಿಸಿಕೊಳ್ಳುವವರು ಕಡಮೆಯಾದಾಗ, ಹೊರಗಿನವರಿಗೆ ಹೇಳದಿದ್ದ ಕೆಲವನ್ನು ಹೇಳಿ ಅಚ್ಚಾಗಲು ಬಿಟ್ಟರು. ಅವರ ಮಾತುಗಳ ಪುಸ್ತಕ 1985ರಲ್ಲಿ ಬಂದಿತು. ಅವರು ತೀರಿಕೊಂಡುದು 2002ರಲ್ಲಿ. ಮಾರ್ಕ್ ಹಾರ್ವೆ ಎಂಬ ವಿದ್ವಾಂಸನು ಬರೆದ ಗಾಗುಜು ಭಾಷೆಯ ವ್ಯಾಕರಣವೂ ಅದೇ ವರ್ಷ ಪ್ರಕಟವಾಯಿತು. ವ್ಯಾಕರಣವನ್ನು ಪಾಠ ಹೇಳಿದವನಿಗೆ ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಓದುವುದು ಕಷ್ಟ. ಈ ಸೀಮೆಯಲ್ಲಿ ಕುನ್‌ವಿಂಜ್ಕು ಮೊದಲಾದ ನುಡಿಗಳು ಇನ್ನೂ ಮಕ್ಕಳ ಬಾಯಲ್ಲಿವೆ ಎಂಬುದು ನಿಜ. ಚಾವಡಿಯಲ್ಲಿ ಕಥೆ ಹೇಳಿದ ಹೆಂಗಸು ತನ್ನ ಜೊತೆಯವಳೊಡನೆ ಆಡುತ್ತಿದ್ದ ಮಾತು ಇಂಗ್ಲಿಷ್ ಆಗಿರಲಿಲ್ಲ.

ಸೂರ್ಯನು ಬಯಲಿನ ಅಂಚಿಗೆ ಇಳಿದನು. ನೀರಿನ ತಗಡುಗಳೆಲ್ಲ ಒಂದೇ ಸಾರಿ ಕೆಂಪಾದುವು. ಹೆಬ್ಬಾತುಗಳ ಸಾಲೊಂದು ಕೂಗಿಕೊಳ್ಳುತ್ತ ಉತ್ತರಕ್ಕೆ ಹೋಯಿತು. ಮುಳುಗಿದೊಡನೆ ಬಾಗಿಲು ಮುಚ್ಚುತ್ತಾರೆಂದು ಎಲ್ಲರೂ ಇಳಿಯತೊಡಗಿದೆವು.

ಕಾರಿನಲ್ಲಿ ಮಗು ನಿದ್ದೆ ಹೋಗಿದೆಯೆಂದು ತಿಳಿದಿದ್ದೆವು. ಕತ್ತಲೆಯಲ್ಲಿ ಇದ್ದಕ್ಕಿದ್ದಂತೆ, "ತಾತ, ಆ ಕಲ್ಲನ್ನ ಆಮೇಲೆ ತೆಗೆದರಾ?" ಎಂದು ಕೇಳಿತು.

"ಅದನ್ನು ಆಕೆ ಹೇಳಲಿಲ್ಲವಲ್ಲ, ಕಂದ."

"ನಾನು ದೊಡ್ಡವಳಾದ ಮೇಲೆ ಹೇಳ್ತಾರಾ?"

ಅಳಿಯನು ನನ್ನ ಮುಖವನ್ನು ನೋಡಿದನು. ಅಷ್ಟರಲ್ಲಿ ರಸ್ತೆಗೆ ಒಂದು ವಾಲಬಿ ಅಡ್ಡಬಂದಿತು. ಅವನು ಕಾರನ್ನು ನಿಲ್ಲಿಸಿ ದೀಪವನ್ನು ತಗ್ಗಿಸಿದನು. ಅದು ಕಾಡಿನೊಳಕ್ಕೆ ಹಾರಿಹೋಗುವವರೆಗೆ ಕಾದಿದ್ದು ಮುಂದಕ್ಕೆ ಹೊರಟೆವು.